ಕಳ್ಳರ ನಡುವೆ ಅರಳುವ ಹೂ

ಮಕರಂದ ಕದಿಯುವ ಇರುವೆ, ಬೀಜ ಮೇಯುವ ಹುಳು, ಕೇಸರವನ್ನೇ ಕಬಳಿಸುವ ಶಿಲೀಂಧ್ರ. ಇಷ್ಟು ಜನ ಅಪಹಾರಕರ ನಡುವೆ ಸೈಲೀನ್ ಕುಲದ ಹೂಗಳು ಬಾಳಿ ಬಂದಿವೆ. ಅವುಗಳಲ್ಲೊಂದು ಮೂವತ್ತು ಸಾವಿರಕ್ಕೂ ಮಿಕ್ಕ ವರ್ಷ ಹಿಮದಡಿಯಲ್ಲಿದ್ದು ಮತ್ತೆ ಅರಳಿದ್ದೂ ಒಂದು ಕಳ್ಳತನದ ಫಲವಾಗಿಯೇ!

ದಕ್ಷಿಣ ಇಂಗ್ಲೆಂಡಿನ ಹೊಲಗಳ ಅಂಚಿನಲ್ಲಿ ಜೂನ್ ತಿಂಗಳ ಸಂಜೆ ಬಹು ಸಾವಕಾಶವಾಗಿ ಕವಿಯುತ್ತದೆ. ಗಡಿಯಾರದಲ್ಲಿ ಒಂಬತ್ತು ಹೊಡೆದ ಮೇಲೂ ಪಡುವಣದಲ್ಲಿ ಬೆಳಕು ಉಳಿದಿರುತ್ತದೆ. ಹಗಲೆಲ್ಲ ಮುದುಡಿಕೊಂಡು, ನೋಡಿದವರಿಗೆ ಬಾಡಿಹೋದುವೋ ಎಂಬ ಶಂಕೆಯನ್ನು ಹುಟ್ಟಿಸುತ್ತಿದ್ದ ಬೇಲಿಸಾಲಿನ ಬಿಳಿಯ ಹೂಗಳು ಆ ಹೊತ್ತಿನಲ್ಲಿ ಒಂದೊಂದಾಗಿ ದಳ ಬಿಚ್ಚಿ ತಮ್ಮ ಪರಿಮಳವನ್ನು ತಂಗಾಳಿಗೆ ಬಿಟ್ಟುಕೊಡುತ್ತವೆ. ದಳಗಳು ಐದೇ, ಆದರೆ ಪ್ರತಿಯೊಂದೂ ನಡುವೆ ಆಳವಾಗಿ ಸೀಳಿರುವುದರಿಂದ ಹತ್ತೆಂಬ ಭ್ರಾಂತಿಯಾಗುತ್ತದೆ.

ಕತ್ತಲು ಕೂಡುತ್ತಿದ್ದಂತೆ ಕಂದುಬಣ್ಣದ ಪತಂಗವೊಂದು ಪರಿಮಳದ ಜಾಡು ಹಿಡಿದು ಬರುತ್ತದೆ. ಹೂವಿನ ಕೊಳವೆಯೊಳಕ್ಕೆ ನಾಲಗೆಯನ್ನು ಇಳಿಸಿ ಮಕರಂದವನ್ನು ಹೀರುತ್ತದೆ. ಬೇರೊಂದು ಗಿಡದಿಂದ ಹೊತ್ತು ತಂದ ಪರಾಗವನ್ನು ಅಲ್ಲಿ ಸವರುತ್ತದೆ. ಹೊರಡುವ ಮುನ್ನ ಹೂವಿನೊಳಗೆ ಒಂದು ಮೊಟ್ಟೆಯನ್ನಿಟ್ಟು ಹಾರಿಹೋಗುತ್ತದೆ.

ಆ ಮೊಟ್ಟೆಯಿಂದ ಹೊರಬೀಳತಕ್ಕ ಮರಿಹುಳು ಕಾಯಿಯೊಳಕ್ಕೆ ಕೊರೆದು ಹೊಕ್ಕು, ತಾಯಿಯ ಉಪಕಾರದಿಂದ ಕಟ್ಟಿದ ಬೀಜಗಳನ್ನೇ ಮೇದು ಬೆಳೆಯುತ್ತದೆ. ಒಂದು ಕಾಯಿ ಬರಿದಾದರೆ ಇನ್ನೊಂದಕ್ಕೆ ಸರಿಯುತ್ತದೆ. ಗಿಡವನ್ನು ಫಲವತಿಯಾಗಿ ಮಾಡಿದ ಜೀವಿಯೂ ಆ ಫಲವನ್ನು ಅಪಹರಿಸತಕ್ಕ ಜೀವಿಯೂ ಒಂದೇ ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಈ ಇಡೀ ಸಸ್ಯಕುಲದ ಬಾಳುವೆ ಹೊಸ ಬೆಳಕಿನಲ್ಲಿ ಕಾಣಿಸುತ್ತದೆ.

ಏಳುನೂರು ಬಗೆಯ ಬಂಧುಗಳು

ಬೇಲಿಯ ಹೂವಿನ ಹೆಸರು ಬಿಳಿ ಕ್ಯಾಂಪಿಯನ್. ಪತಂಗವನ್ನು ಶಾಸ್ತ್ರಜ್ಞರು ಹಡೀನ ಬೈಕ್ರೂರಿಸ್ ಎಂದು ಕರೆಯುತ್ತಾರೆ. ಕ್ಯಾಂಪಿಯನ್ ಎಂದೂ ಕ್ಯಾಚ್‌ಫ್ಲೈ ಎಂದೂ ಯುರೋಪಿನ ಜನ ಕರೆಯುವ ಗಿಡಗಳೆಲ್ಲ ಬಹುಮಟ್ಟಿಗೆ ಸೈಲೀನ್ ಎಂಬ ಒಂದೇ ಕುಲಕ್ಕೆ ಸೇರಿದವು. ಸಸ್ಯಶಾಸ್ತ್ರಜ್ಞ ಲಿನೀಯಸನು 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಥಾನ ಪಡೆದ ಈ ಕುಲದಲ್ಲಿ ಇಂದು ಸುಮಾರು 700 ಪ್ರಭೇದಗಳು ಎಣಿಕೆಗೆ ಸಿಕ್ಕಿವೆ. ನಮ್ಮ ಹೂವಿನಂಗಡಿಗಳಲ್ಲಿ ಪರಿಚಿತವಾದ, ಬೆಂಗಳೂರಿನ ಸುತ್ತ ಹಸಿರುಮನೆಗಳಲ್ಲಿ ಬೆಳೆಯುವ ಕಾರ್ನೇಷನ್ ಇವುಗಳಿಗೆ ದಾಯಾದಿ.

ಭೂಗೋಲದ ಉತ್ತರಾರ್ಧದ ಸಮಶೀತೋಷ್ಣ ಪ್ರದೇಶಗಳೇ ಇವುಗಳ ಮುಖ್ಯ ನೆಲೆ. ಹಿಮಾಲಯದ ತಪ್ಪಲಿನ ಗೋದಿಯ ಹೊಲಗಳಲ್ಲಿ ಸೈಲೀನ್ ಕೊನಾಯ್ಡಿಯ ಎಂಬ ಗುಲಾಬಿಬಣ್ಣದ ಕಳೆಯುಂಟು. ಯುರೋಪಿನಿಂದ ಬಂದ ಸೈಲೀನ್ ಗ್ಯಾಲಿಕ ನೀಲಗಿರಿಯ ಎತ್ತರದಲ್ಲಿಯೂ ನೆಲೆಗೊಂಡಿದೆ. ಧ್ರುವದ ಸಮೀಪದ ಬಂಡೆಗಳ ಮೇಲೆ ದಿಂಬಿನಾಕಾರವಾಗಿ ನೆಲಕ್ಕಂಟಿ ಬೆಳೆಯುವ ಸೈಲೀನ್ ಅಕಾಲಿಸ್ ಆಗಲಿ, ಅಮೆರಿಕದ ಕಾಡಿನಂಚಿನಲ್ಲಿ ಕೆಂಡದಂತೆ ಉರಿಯುವ ಸೈಲೀನ್ ವರ್ಜೀನಿಕ ಆಗಲಿ, ಒಂದೇ ವಂಶದ ಕುಡಿಗಳೆಂದು ಹೇಳಿದರೆ ಮೊದಲ ನೋಟಕ್ಕೆ ನಂಬಿಕೆ ಬರುವುದಿಲ್ಲ.

ಆದರೆ ಹೂವಿನ ಕಟ್ಟಡವನ್ನು ನೋಡಿದರೆ ಸಂಬಂಧ ಗೋಚರವಾಗುತ್ತದೆ: ಕೂಡಿಕೊಂಡು ಕೊಳವೆಯೋ ಬುರುಡೆಯೋ ಆದ ಪುಷ್ಪಪಾತ್ರ, ಐದು ದಳ, ಹತ್ತು ಕೇಸರ, ಹಣ್ಣಾದಾಗ ತುದಿಯಲ್ಲಿ ಹಲ್ಲುಹಲ್ಲಾಗಿ ಬಿರಿಯತಕ್ಕ ಕಾಯಿ. ಬಣ್ಣ, ಪರಿಮಳ, ಅರಳುವ ಹೊತ್ತು ಇವು ಅತಿಥಿಗೆ ತಕ್ಕಂತೆ ಬದಲಾಗಿವೆ. ರಾತ್ರಿಯ ಪತಂಗವನ್ನು ಕರೆಯುವುದು ಬಿಳುಪು ಮತ್ತು ಸುವಾಸನೆ. ಹಗಲಿನ ದುಂಬಿಗಳನ್ನು ಕರೆಯತಕ್ಕ ಕೆಂಪು ಕ್ಯಾಂಪಿಯನ್ನಿಗೆ ಗುಲಾಬಿಯ ಬಣ್ಣವಿದೆ, ಸುವಾಸನೆಯಿಲ್ಲ. ಝೇಂಕಾರಪಕ್ಷಿಗಳನ್ನು ನೆಚ್ಚಿದ ಅಮೆರಿಕದ ಹೂ ಅಪ್ಪಟ ರಕ್ತವರ್ಣ.

> ಚೌಕಟ್ಟು: ತೋಟಕ್ಕೆ ಬಂದವರು
>
> ▪ ಕಡುಗೆಂಪಿನ ಹೂಗೊಂಚಲುಳ್ಳ ಮಾಲ್ಟೀಸ್ ಕ್ರಾಸ್, ಅಂದರೆ ಸೈಲೀನ್ ಕ್ಯಾಲ್ಸಿಡೋನಿಕ, ಶತಮಾನಗಳಿಂದ ಯುರೋಪಿನ ಉದ್ಯಾನಗಳಲ್ಲಿದೆ. ಅದರ ತವರು ರಷ್ಯ ಮತ್ತು ಮಧ್ಯ ಏಷ್ಯ.
>
> ▪ ರೋಸ್ ಕ್ಯಾಂಪಿಯನ್ನಿನ ಎಲೆಗಳ ಮೇಲೆ ಬೂದುಬಣ್ಣದ ಉಣ್ಣೆ, ಹೂ ಕೆನ್ನೇರಿಳೆ. ಒಣಭೂಮಿಯಲ್ಲಿಯೂ ಬದುಕಬಲ್ಲ ಗಿಡ.
>
> ▪ ರ‍್ಯಾಗೆಡ್ ರಾಬಿನ್ನಿನ ದಳಗಳು ಚಿಂದಿಯಂತೆ ಹರಿದಿರುತ್ತವೆ. ಅದು ಜೌಗುನೆಲದ ನಿವಾಸಿ. ಸುತ್ತು ದಳಗಳ ತಳಿಗಳೂ ಉಂಟು.
>
> ▪ ಸ್ವೀಟ್ ವಿಲಿಯಂ ಕ್ಯಾಚ್‌ಫ್ಲೈ ಬೀಜ ಚೆಲ್ಲಿದ ವರ್ಷವೇ ಹೂಬಿಡುವ ವಾರ್ಷಿಕ. ಕಾಂಡದ ಗಿಣ್ಣುಗಳ ಕೆಳಗೆ ಅಂಟಿನ ಪಟ್ಟಿ.

ಕರೆಯದೆ ಬಂದವರು

ಮಕರಂದವೆಂಬ ವಸ್ತು ಗಿಡಕ್ಕೆ ಬಿಟ್ಟಿಯಾಗಿ ಬರುವುದಲ್ಲ. ಬಿಸಿಲಿನಲ್ಲಿ ಎಲೆಗಳು ದುಡಿದು ಕೂಡಿಟ್ಟ ಸಕ್ಕರೆಯ ಒಂದು ಭಾಗವನ್ನು ಅದಕ್ಕಾಗಿ ವೆಚ್ಚಮಾಡಬೇಕು. ಪರಾಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವವರಿಗೆ ಸಲ್ಲಬೇಕಾದ ಕೂಲಿ ಅದು. ನೆಲದಿಂದ ಕಾಂಡವನ್ನು ಹತ್ತಿ ಬರತಕ್ಕ ಇರುವೆಯಾದರೋ ಮಕರಂದವನ್ನು ಕುಡಿದು, ಪರಾಗದ ಕೆಲಸವನ್ನು ಮಾಡದೆ, ಬಂದ ದಾರಿಯಲ್ಲಿಯೇ ಇಳಿದುಹೋಗುತ್ತದೆ.

ಇದಕ್ಕೆ ಪ್ರತಿಯಾಗಿ ಕ್ಯಾಚ್‌ಫ್ಲೈಗಳು ಕಂಡುಕೊಂಡ ಉಪಾಯವೇ ಅಂಟು. ಉತ್ತರ ಯುರೋಪಿನ ಸೈಲೀನ್ ವಿಸ್ಕೇರಿಯವನ್ನು ಸಮೀಪದಿಂದ ನೋಡಿದರೆ, ಎಲೆಗಳ ಜೋಡಿ ಹೊರಡುವ ಪ್ರತಿಯೊಂದು ಗಿಣ್ಣಿನ ಕೆಳಗೂ ಕಪ್ಪಾಗಿ ಮಿನುಗುವ ಬಳೆಯೊಂದು ಕಾಣಿಸುತ್ತದೆ. ಬೆರಳನ್ನಿಟ್ಟರೆ ಹಿಡಿದುಕೊಳ್ಳುವಷ್ಟು ಅಂಟು ಅದರಲ್ಲಿದೆ. ಮೇಲೇರುತ್ತ ಬಂದ ಇರುವೆಗೆ ಆ ಬಳೆಯೇ ಗಡಿ. ಸಣ್ಣ ನೊಣಗಳೂ ಅಲ್ಲಿ ಸಿಕ್ಕಿ ಸಾಯುವುದುಂಟು. ಆದರೆ ಈ ಗಿಡಕ್ಕೆ ಮಾಂಸಾಹಾರವಿಲ್ಲ, ಸತ್ತ ಕೀಟವನ್ನು ಅದು ಜೀರ್ಣಿಸಿಕೊಳ್ಳುವುದೂ ಇಲ್ಲ. ಬೇಟೆ ಅದರ ಉದ್ದೇಶವಲ್ಲ, ಕಾವಲು.

ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ ಆಂಟನ್ ಕೆರ್ನರ್ ಹೂಗಳ ಬಳಿಗೆ ಕರೆಯದೆ ಬರುವ ಅತಿಥಿಗಳನ್ನು ಕುರಿತೇ 1876ರಲ್ಲಿ ಒಂದು ಗ್ರಂಥವನ್ನು ಬರೆದನು. ಅಂಟು, ರೋಮ, ಮುಳ್ಳು, ಮುಚ್ಚಿದ ಬಾಯಿ ಇವೆಲ್ಲ ಅಪಾತ್ರರನ್ನು ದೂರವಿಟ್ಟು ಪಾತ್ರರಿಗೆ ದಾರಿಬಿಡತಕ್ಕ ಸಾಧನಗಳೆಂಬುದು ಅವನ ಪ್ರತಿಪಾದನೆ. ಬ್ಲ್ಯಾಡರ್ ಕ್ಯಾಂಪಿಯನ್ನಿನ ಊದಿಕೊಂಡ ಪುಷ್ಪಪಾತ್ರ ಹೂವಿನ ಸುತ್ತ ಗಾಳಿಯ ಕೋಟೆಯಂತಿದ್ದರೂ, ಗಿಡ್ಡ ನಾಲಗೆಯ ದುಂಬಿಗಳು ಅದರ ಪಕ್ಕವನ್ನೇ ಕಚ್ಚಿ ತೂತುಮಾಡಿ ಮಕರಂದವನ್ನು ಎಳೆದುಕೊಳ್ಳುವುದನ್ನು ಇಂದಿಗೂ ಕಾಣಬಹುದು. ಎಂತಹ ಕೋಟೆಗೂ ಕನ್ನವುಂಟು.

ನಾಟಿಂಗ್‌ಹ್ಯಾಮ್ ಕ್ಯಾಚ್‌ಫ್ಲೈ ಎಂಬ ಇನ್ನೊಂದು ಪ್ರಭೇದ ಕಾಲವನ್ನೇ ಸಾಧನವಾಗಿ ಮಾಡಿಕೊಂಡಿದೆ. ಅದರ ಪ್ರತಿಯೊಂದು ಹೂವಿಗೂ ಮೂರು ರಾತ್ರಿಗಳ ಆಯುಸ್ಸು. ಮೊದಲ ರಾತ್ರಿ ಐದು ಕೇಸರಗಳು ಹೊರಬಂದು ಪರಾಗವನ್ನು ಕೊಡುತ್ತವೆ. ಎರಡನೆಯ ರಾತ್ರಿ ಉಳಿದ ಐದು. ಮೂರನೆಯ ರಾತ್ರಿ ಕೇಸರಗಳ ಕೆಲಸ ಮುಗಿದ ಮೇಲೆ ಶಲಾಕೆಗಳು ನೀಳವಾಗಿ ಚಾಚಿ ಅನ್ಯಗಿಡದ ಪರಾಗಕ್ಕೆ ಕಾಯುತ್ತವೆ. ಹಗಲು ಬಂದೊಡನೆ ದಳಗಳು ಒಳಕ್ಕೆ ಸುರುಳಿಸುತ್ತಿಕೊಳ್ಳುತ್ತವೆ. ಯಾವ ನಗರದ ಕೋಟೆಯ ಬಂಡೆಗಳ ಮೇಲೆ ಬೆಳೆದು ಆ ಹೆಸರನ್ನು ಪಡೆಯಿತೋ ಅಲ್ಲಿ ಈಗ ಅದು ಉಳಿದಿಲ್ಲ. ಆದರೂ ನಾಟಿಂಗ್‌ಹ್ಯಾಮಿನ ಜನ ಅದನ್ನೇ ತಮ್ಮ ಹೂವೆಂದು ಆರಿಸಿಕೊಂಡಿದ್ದಾರೆ.

ಹೆಣ್ಣು ಹೂವಿನಲ್ಲಿ ಗಂಡು ಕೇಸರ

ಬಿಳಿ ಕ್ಯಾಂಪಿಯನ್ನಿನಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಹೆಣ್ಣುಹೂವಿನ ಪುಷ್ಪಪಾತ್ರ ದುಂಡಗೆ ಉಬ್ಬಿದ್ದು ಅದರ ಮೇಲೆ ಇಪ್ಪತ್ತು ನರಗಳಿರುತ್ತವೆ. ಗಂಡಿನದು ತೆಳ್ಳಗೆ, ಹತ್ತೇ ನರ. ಸಸ್ಯಗಳಲ್ಲಿ ಬಹುಪಾಲು ಹೂಗಳು ಉಭಯಲಿಂಗಿಗಳಾಗಿರುವಾಗ ಈ ಗಿಡ ಮನುಷ್ಯರಂತೆ ಲಿಂಗಭೇದವನ್ನು ಪಾಲಿಸಿಕೊಂಡು ಬಂದಿರುವುದು ವಿಜ್ಞಾನಿಗಳ ಕುತೂಹಲವನ್ನು ಬಹಳ ಹಿಂದೆಯೇ ಕೆರಳಿಸಿತು. ಬಟಾಣಿಗಿಡಗಳ ಪ್ರಯೋಗದಿಂದ ಪ್ರಖ್ಯಾತನಾದ ಗ್ರೆಗರ್ ಮೆಂಡೆಲನೂ ಬಿಳಿ ಮತ್ತು ಕೆಂಪು ಕ್ಯಾಂಪಿಯನ್‌ಗಳನ್ನು ಸಂಕರ ಮಾಡಿ, ಗಂಡುಹೆಣ್ಣುಗಳ ಪ್ರಮಾಣಕ್ಕೂ ಆನುವಂಶಿಕ ನಿಯಮವಿರಬಹುದೇ ಎಂದು ಆಲೋಚಿಸಿದ್ದನು.

ಉತ್ತರ ಬಂದುದು 1923ರಲ್ಲಿ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಕ್ಯಾತ್ಲೀನ್ ಬ್ಲ್ಯಾಕ್‌ಬರ್ನ್, ಡೆನ್ಮಾರ್ಕಿನಲ್ಲಿ ಓಯ್ವಿನ್ ವಿಂಗೆ, ಇಬ್ಬರೂ ಪರಸ್ಪರ ಸ್ವತಂತ್ರವಾಗಿ, ಈ ಗಿಡದ ಜೀವಕೋಶಗಳಲ್ಲಿ ಎಕ್ಸ್ ಮತ್ತು ವೈ ವರ್ಣತಂತುಗಳಿರುವುದನ್ನು ಸೂಕ್ಷ್ಮದರ್ಶಕದಡಿಯಲ್ಲಿ ಕಂಡರು. ಮನುಷ್ಯನಲ್ಲಿ ಸವೆದು ಗಿಡ್ಡಾದ ವೈ ಇಲ್ಲಿ ಎಕ್ಸ್‌ಗಿಂತ ಗಾತ್ರದಲ್ಲಿ ದೊಡ್ಡದು. ಕೋಪನ್‌ಹೇಗನ್ನಿನ ಮೋಗನ್ಸ್ ವೆಸ್ಟರ್‌ಗಾರ್ಡ್ ತುಂಡಾದ ವೈ ವರ್ಣತಂತುಗಳುಳ್ಳ ಗಿಡಗಳನ್ನು ಹುಡುಕಿ ಹುಡುಕಿ ಪರೀಕ್ಷಿಸಿ, ವೈ ವರ್ಣತಂತುವಿನ ಒಂದು ಭಾಗ ಹೆಣ್ಣು ಅವಯವವನ್ನು ಅಡಗಿಸುತ್ತದೆ, ಇನ್ನೊಂದು ಭಾಗ ಕೇಸರಗಳನ್ನು ಬೆಳೆಸುತ್ತದೆ ಎಂಬುದನ್ನು ತೋರಿಸಿಕೊಟ್ಟನು.

ಈ ಶೋಧನೆಯ ಪಕ್ಕದಲ್ಲಿಯೇ ಕಳ್ಳನೊಬ್ಬನ ಕಥೆ ನಿಂತಿದೆ. ಮೈಕ್ರೋಬಾಟ್ರಿಯಂ ಎಂಬ ಶಿಲೀಂಧ್ರ ಹಿಡಿದ ಗಿಡ ಸಾಯುವುದಿಲ್ಲ; ಹೂಬಿಡುತ್ತದೆ. ಆದರೆ ಹೂವಿನ ಬಾಯಲ್ಲಿ ಪರಾಗದ ಹಳದಿಗೆ ಬದಲಾಗಿ ಕಂದುನೇರಿಳೆಯ ಪುಡಿ, ನಮ್ಮ ಜೋಳದ ರೈತರು ಕಾಡಿಗೆ ರೋಗ ತಗುಲಿದ ತೆನೆಯಲ್ಲಿ ನೋಡಿರುವಂಥದು, ತುಂಬಿಕೊಂಡಿರುತ್ತದೆ. ಅದು ಶಿಲೀಂಧ್ರದ ಬೀಜಕರಾಶಿ. ಹೂವಿಗೆ ಬಂದ ಪತಂಗ ಪರಾಗವೆಂದು ಅದನ್ನೇ ಮೈಗೆ ಬಳಿದುಕೊಂಡು ಮುಂದಿನ ಗಿಡಕ್ಕೆ ಮುಟ್ಟಿಸುತ್ತದೆ.

ರೋಗ ತಗುಲಿದುದು ಹೆಣ್ಣುಗಿಡವಾದರೆ ಅದರಲ್ಲಿ ಕೇಸರಗಳೇ ಇಲ್ಲವಲ್ಲ, ಶಿಲೀಂಧ್ರ ಬೀಜಕಗಳನ್ನು ಎಲ್ಲಿಡಬೇಕು? ಅದು ಹೆಣ್ಣುಹೂವಿನ ಅಂಡಾಶಯವನ್ನು ಕುಂಠಿತಗೊಳಿಸಿ, ಮೊಳಕೆಯ ಹಂತದಲ್ಲಿಯೇ ನಿಂತುಹೋಗಬೇಕಾಗಿದ್ದ ಕೇಸರಗಳನ್ನು ಬೆಳೆಯುವಂತೆ ಪ್ರೇರೇಪಿಸಿ, ಅವುಗಳಲ್ಲಿ ತನ್ನ ಪುಡಿಯನ್ನು ತುಂಬುತ್ತದೆ. ಹೆಣ್ಣುಗಿಡದೊಳಗೆ ಕೇಸರವನ್ನು ಕಟ್ಟುವ ಸಾಮರ್ಥ್ಯ ಅಳಿಯದೆ ಸುಪ್ತವಾಗಿದೆ ಎಂಬ ರಹಸ್ಯವನ್ನು ಹೀಗೆ ಒಂದು ರೋಗ ಬಯಲುಮಾಡಿತು. ಅಮೆರಿಕದ ವರ್ಜೀನಿಯದ ರಸ್ತೆಯಂಚುಗಳಲ್ಲಿ ಈ ರೋಗದ ಏರಿಳಿತವನ್ನು ಜಾನಿಸ್ ಆಂಟೊನೊವಿಕ್ಸ್ ಮತ್ತು ಸಂಗಡಿಗರು 1988ರಿಂದ ವರ್ಷವರ್ಷವೂ ಎಣಿಸುತ್ತ ಬಂದುದು, ಕಾಡುಗಿಡವೊಂದರ ರೋಗವನ್ನು ಕುರಿತ ದೀರ್ಘಾವಧಿಯ ಅಧ್ಯಯನಗಳಲ್ಲಿ ಗಣ್ಯವಾದುದು.

> ಚೌಕಟ್ಟು: ವಿಸ್ಮಯದ ವಂಶ
>
> ▪ ಕ್ಷಾಮದ ಆಹಾರ: 1685ರಲ್ಲಿ ಮಿಡತೆಗಳ ಹಿಂಡು ಮಿನೋರ್ಕ ದ್ವೀಪದ ಬೆಳೆಯನ್ನೆಲ್ಲ ತಿಂದುಹಾಕಿದಾಗ ಜನ ಬ್ಲ್ಯಾಡರ್ ಕ್ಯಾಂಪಿಯನ್ ತಿಂದು ಜೀವ ಹಿಡಿದುಕೊಂಡರೆಂದು ಹಳೆಯ ಮೂಲಿಕಾಗ್ರಂಥಗಳು ಹೇಳುತ್ತವೆ. ಅದರ ಎಳೆಯ ಕುಡಿ ಸ್ಪೇನ್ ಮತ್ತು ಇಟಲಿಗಳಲ್ಲಿ ಇಂದಿಗೂ ಸೊಪ್ಪಿನಡುಗೆಗೆ ಸಲ್ಲುತ್ತದೆ.
>
> ▪ ಕನಸಿನ ಬೇರು: ದಕ್ಷಿಣ ಆಫ್ರಿಕದ ಖೋಸಾ ಜನಾಂಗದ ದೈವಜ್ಞರು ಸೈಲೀನ್ ಅಂಡುಲೇಟ ಗಿಡದ ಬೇರನ್ನು ಸ್ಪಷ್ಟವಾದ ಕನಸುಗಳಿಗಾಗಿ ಸೇವಿಸುತ್ತಾರೆ.
>
> ▪ ಮುನ್ನೂರರ ಪ್ರಾಯ: ಅಲಾಸ್ಕದ ಪರ್ವತಗಳಲ್ಲಿ ಸೈಲೀನ್ ಅಕಾಲಿಸ್‌ನ ಕೆಲವು ದಿಂಬುಗಳ ವಯಸ್ಸು 300 ವರ್ಷಗಳನ್ನು ಮೀರುತ್ತದೆಂದು ಅಂದಾಜು.
>
> ▪ ದೈತ್ಯ ಗ್ರಂಥ: ಮನುಷ್ಯನ ಮೈಟೊಕಾಂಡ್ರಿಯದ ಆನುವಂಶಿಕ ಬರಹದಲ್ಲಿ ಸುಮಾರು 16,500 ಅಕ್ಷರಗಳಿದ್ದರೆ, ಸೈಲೀನ್ ಕೋನಿಕದಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು.

ಅಳಿಲಿನ ಉಗ್ರಾಣ

ಈಶಾನ್ಯ ಸೈಬೀರಿಯದಲ್ಲಿ ಕೊಲಿಮ ನದಿ ತನ್ನ ದಡವನ್ನು ಕೊರೆಯುತ್ತ ಹರಿಯುವೆಡೆಯಲ್ಲಿ, ಸಹಸ್ರಾರು ವರ್ಷಗಳಿಂದ ಕರಗದ ಹೆಪ್ಪುಮಣ್ಣಿನ ಎತ್ತರವಾದ ಗೋಡೆಗಳು ನಿಂತಿವೆ. ಮ್ಯಾಮತ್, ಉಣ್ಣೆಯ ಖಡ್ಗಮೃಗ, ಕಾಡೆಮ್ಮೆಗಳ ಎಲುಬುಗಳು ಹೂತಿರುವ ಆ ಸ್ತರಗಳಲ್ಲಿ, ಮೇಲ್ಮೈಯಿಂದ 38 ಮೀಟರಿನಷ್ಟು ಕೆಳಗೆ, ರಷ್ಯದ ಸಂಶೋಧಕರಿಗೆ ನೆಲ ಅಳಿಲುಗಳ ಬಿಲಗಳು ಸಿಕ್ಕಿದವು. ಚಳಿಗಾಲಕ್ಕೆಂದು ಅಳಿಲು ಕೂಡಿಟ್ಟು, ಹುಲ್ಲು ತುಪ್ಪಳಗಳ ನಡುವೆ ಬಚ್ಚಿಟ್ಟಿದ್ದ ಬೀಜಗಳೂ ಕಾಯಿಗಳೂ ಅಲ್ಲಿ ಅಪಾರವಾಗಿದ್ದವು.

ಹೆಪ್ಪುಗಟ್ಟಿದ ಮಣ್ಣಿನ ಉಷ್ಣತೆ ಸೊನ್ನೆಗಿಂತ 7 ಡಿಗ್ರಿ ಕೆಳಗೆ; ಒಮ್ಮೆ ಹೆಪ್ಪುಗಟ್ಟಿದುದು ಮತ್ತೆ ಕರಗಿದ ಗುರುತಿಲ್ಲ. ಸೈಲೀನ್ ಸ್ಟೆನೊಫಿಲ್ಲ ಎಂಬ, ಇಂದಿಗೂ ಆ ಟಂಡ್ರದಲ್ಲಿ ಬೆಳೆಯತಕ್ಕ ಕ್ಯಾಂಪಿಯನ್ನಿನ ಕಾಯಿಗಳು ಆ ಉಗ್ರಾಣದಲ್ಲಿದ್ದವು. ರೇಡಿಯೋ ಇಂಗಾಲದ ವಿಧಾನದಿಂದ ಅವುಗಳ ವಯಸ್ಸನ್ನು ಅಳೆದಾಗ 31,800 ವರ್ಷಗಳೆಂದು ತಿಳಿದುಬಂದಿತು.

ಬಲಿತ ಬೀಜಗಳು ಕೆಟ್ಟಿದ್ದವು, ಮೊಳೆಯಲಿಲ್ಲ. ಆಗ ಪುಷ್ಚಿನೊ ನಗರದ ಪ್ರಯೋಗಶಾಲೆಯ ಸ್ವೆಟ್ಲಾನ ಯಾಷಿನ ಮತ್ತು ಡೇವಿಡ್ ಗಿಲಿಚಿನ್‌ಸ್ಕಿ ಮೊದಲಾದವರು ಎಳೆಯ ಕಾಯಿಗಳೊಳಗೆ ಬೀಜಗಳು ಅಂಟಿಕೊಂಡಿರುವ ಮೆದುವಾದ ಅಂಗಾಂಶವನ್ನು ತೆಗೆದು, ಪೋಷಕದ್ರವ್ಯದಲ್ಲಿಟ್ಟು ಬೆಳೆಸಿದರು. ಮೊಳಕೆಗಳು ಒಡೆದವು, ಬೇರುಗಳು ಬಂದವು, ಮಣ್ಣಿಗೆ ಇಳಿಸಿದ ಸಸಿಗಳು ನೆಲೆನಿಂತು ಹೂಬಿಟ್ಟವು. ಹಿಮಯುಗದ ಈ ಹೂಗಳ ದಳಗಳು ಇಂದಿನ ಬಂಧುಗಳ ದಳಗಳಿಗಿಂತ ಸಣ್ಣಗೆ ನೀಳವಾಗಿದ್ದವು. ಅವುಗಳ ಬೀಜಗಳನ್ನು ಬಿತ್ತಿದಾಗ ಮರುಪೀಳಿಗೆಯೂ ಹುಟ್ಟಿತು.

2012ರ ಫೆಬ್ರವರಿಯಲ್ಲಿ ಈ ವರದಿ ಪ್ರಕಟವಾಯಿತು. ಅದು ಬೆಳಕು ಕಾಣುವುದಕ್ಕೆ ಕೆಲವೇ ದಿನ ಮುಂಚೆ ಗಿಲಿಚಿನ್‌ಸ್ಕಿ ತೀರಿಕೊಂಡರು. ಅಲ್ಲಿಯವರೆಗೆ ಪುನರ್ಜನ್ಮ ಪಡೆದ ಪ್ರಾಚೀನ ಸಸ್ಯಗಳಲ್ಲಿ ಹೆಸರಾಗಿದ್ದುದು ಇಸ್ರೇಲಿನ ಮಸಾಡ ಕೋಟೆಯ ಅವಶೇಷಗಳಲ್ಲಿ ಸಿಕ್ಕು, 2005ರಲ್ಲಿ ಮೊಳೆತ ಸುಮಾರು 2,000 ವರ್ಷದ ಖರ್ಜೂರದ ಬೀಜ.

ಅಳಿಲು ಕದ್ದು ಒಯ್ಯದಿದ್ದರೆ ಈ ಕಾಯಿಗಳು ಟಂಡ್ರದ ಮೇಲ್ಮಣ್ಣಿನಲ್ಲಿ ಬಿದ್ದು, ಒಂದೋ ಎರಡೋ ಬೇಸಗೆಗಳಲ್ಲಿ ಕೊಳೆತು ಹೋಗುತ್ತಿದ್ದವು. ತಿನ್ನುವುದಕ್ಕೆಂದು ಅಪಹರಿಸಿ, ತಂಪಾದ ಕತ್ತಲೆಯಲ್ಲಿ ಕೂಡಿಟ್ಟು, ತಿನ್ನುವ ಅವಕಾಶವಿಲ್ಲದೆ ಹೋದ ಆ ಚಿಕ್ಕ ಪ್ರಾಣಿಯ ದೆಸೆಯಿಂದಲೇ ಒಂದು ಕಾಲದ ಹೂ ಇನ್ನೊಂದು ಕಾಲಕ್ಕೆ ದಾಟಿತು.

ಕಳ್ಳರಿಲ್ಲದ ನಾಡು

ಹಾಗಾದರೆ ಕಳ್ಳರೇ ಇಲ್ಲದ ನಾಡು ಹೂವಿಗೆ ಸ್ವರ್ಗವಾಗಬಹುದೇ? ಇದನ್ನು ಪರೀಕ್ಷಿಸಿ ನೋಡುವ ಸಂದರ್ಭವನ್ನು ಚರಿತ್ರೆಯೇ ಒದಗಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿ ಕ್ಯಾಂಪಿಯನ್ ಯುರೋಪಿನಿಂದ ಉತ್ತರ ಅಮೆರಿಕಕ್ಕೆ ಹೋಯಿತು. ಬೀಜ ಮೇಯುವ ಪತಂಗ ಸಮುದ್ರವನ್ನು ದಾಟಲಿಲ್ಲ, ಶಿಲೀಂಧ್ರವೂ ಕೆಲವೇ ಎಡೆಗಳಲ್ಲಿ ನೆಲೆಯೂರಿತು. ಲಾರ್ನ್ ವುಲ್ಫ್ ಎಂಬ ವಿಜ್ಞಾನಿ ಎರಡೂ ಖಂಡಗಳ ಗಿಡಗಳನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದ ಪ್ರಕಾರ, ಶತ್ರುಗಳ ಕೈಯಲ್ಲಿ ಹಾನಿಗೊಳಗಾಗುವ ಸಂಭವ ಯುರೋಪಿನ ಗಿಡಕ್ಕೆ 17 ಪಟ್ಟು ಹೆಚ್ಚು. ತವರಿನಲ್ಲಿ ಬೇಲಿಯಂಚಿನ ಸಾಧುವಾದ ಹೂವಾಗಿದ್ದುದು ಅಮೆರಿಕದ ಹೊಲಗಳಲ್ಲಿ ಬೆಳೆಯನ್ನು ಬಾಧಿಸುವ ಕಳೆಯಾಯಿತು.

ಹತೋಟಿಯಿಲ್ಲದೆ ಹಬ್ಬುವುದು ಒಂದು ಕೊನೆ, ಅಳಿದುಹೋಗುವುದು ಇನ್ನೊಂದು. ಜಿಬ್ರಾಲ್ಟರ್ ಬಂಡೆಯ ಮೇಲೆ ಮಾತ್ರ ಬೆಳೆಯುತ್ತಿದ್ದ ಸೈಲೀನ್ ಟೊಮೆಂಟೋಸ 1992ರ ಹೊತ್ತಿಗೆ ನಾಮಾವಶೇಷವಾಯಿತೆಂದೇ ಎಲ್ಲರೂ ನಂಬಿದ್ದರು. 1994ರಲ್ಲಿ ಕಡಿದಾದ ಬಂಡೆಯನ್ನು ಏರಿದ ಆರೋಹಿಯೊಬ್ಬರಿಗೆ ಅದು ಮತ್ತೆ ಕಣ್ಣಿಗೆ ಬಿತ್ತು. ಅದರ ಬೀಜಗಳು ಇಂದು ಜಿಬ್ರಾಲ್ಟರಿನ ಅಲಮೇಡ ಸಸ್ಯೋದ್ಯಾನದಲ್ಲಿ ಮೊಳೆತು, ಇಂಗ್ಲೆಂಡಿನ ವೇಕ್‌ಹರ್ಸ್ಟ್‌ನ ಮಿಲೇನಿಯಂ ಬೀಜಭಂಡಾರದಲ್ಲಿಯೂ ಸುರಕ್ಷಿತವಾಗಿವೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಅಲ್ಲಿಯ ಶೀತಲ ಕೋಠಿಗಳು ಕೊಲಿಮದ ಅಳಿಲು ಅರಿಯದೆ ಮಾಡಿದ ಕಾರ್ಯವನ್ನು ಅರಿತು ಮಾಡತಕ್ಕ ವ್ಯವಸ್ಥೆಗಳೇ ಸರಿ.

ಇಂತಹ ಭಂಡಾರಗಳು ಇನ್ನೂ ಹೆಚ್ಚಬೇಕು. ಈ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಬೀಜವನ್ನು ಮಾತ್ರ ಇಡಬಹುದು. ಅದನ್ನು ಹುಟ್ಟಿಸಿದ ಪತಂಗವನ್ನಾಗಲಿ, ಆ ಪತಂಗಕ್ಕೆ ಬೇಕಾದ ಕತ್ತಲೆಯನ್ನಾಗಲಿ, ಅಂಟಿನ ಬಳೆಗೆ ಅರ್ಥವನ್ನು ಕೊಡತಕ್ಕ ಇರುವೆಯನ್ನಾಗಲಿ ಕೋಠಿಯಲ್ಲಿ ಇಡಲಾಗುವುದಿಲ್ಲ. ಬೇಲಿಗಳನ್ನು ಕಿತ್ತು, ಹೊಲದಂಚುಗಳಿಗೆ ವಿಷ ಸಿಂಪಡಿಸಿ, ರಾತ್ರಿಗಳನ್ನು ದೀಪಗಳಿಂದ ತುಂಬಿದ ಮೇಲೆ, ಹೊರಗೆ ತಂದು ಬಿತ್ತಿದ ಗಿಡ ಹೂಬಿಟ್ಟೀತು. ಕಾಯಿ ಕಟ್ಟುವುದಕ್ಕೆ ಯಾರು ಬರಬೇಕು? ಹೂವನ್ನು ಉಳಿಸಬೇಕೆಂಬ ಹಂಬಲ ನಿಜವಾಗಿದ್ದರೆ, ಅದರ ಸಂಗಡ ಅದರ ಕಳ್ಳರಿಗೂ ಬೇಲಿಯಂಚಿನಲ್ಲಿ ಒಂದಿಷ್ಟು ನೆಲವನ್ನು ಬಿಟ್ಟುಕೊಡುವ ಔದಾರ್ಯ ನಮಗೆ ಬರಬೇಕು.